ಪಾಸಿನಲ್ಲಿದ್ದ ಕಾರಣ

ಎರಡೂ ಕಡೆಯವರ ಭಾಷಣವನ್ನು ಒಬ್ಬನೇ ಬರೆದುಕೊಡುವುದು ಹೊಸೂರಿನ ಆ ಕನ್ನಡ ಸಂಘದಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ವೇದಿಕೆ ಹತ್ತುವವರೆಲ್ಲ ಮನೆಯಲ್ಲಿ ಕನ್ನಡ ಆಡುವವರೇ. ಆದರೆ ಓದಿದ್ದು ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಮೈಕಿನ ಮುಂದೆ ನಿಂತು ಬೈಯುವುದಕ್ಕೆ, ನಗಿಸುವುದಕ್ಕೆ ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಅಂಶ ಜೋಡಿಸಿ, ನಡುವೆ ಎರಡು ಗಾದೆ ಸೇರಿಸಿ, ಒಪ್ಪವಾದ ಕನ್ನಡದಲ್ಲಿ ಬರೆದುಕೊಡಲು ಮಾತ್ರ ಹಯಗ್ರೀವ ಮೇಷ್ಟ್ರು ಬೇಕು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪಾಠ ಹೇಳುತ್ತಿರುವವರು. ಅಕ್ಷರ ಮುತ್ತಿನಂತಿತ್ತು. ಯಾರೇ ಬಂದು ಕೇಳಿದರೂ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ.

ಚುನಾವಣೆ ಹತ್ತಿರ ಬಂದಿತ್ತು. ಸಂಘದ ವಾರ್ಷಿಕೋತ್ಸವಕ್ಕೆ ಪಟ್ಟಿಮಂಡ್ರಂ ಇಟ್ಟಿದ್ದರು. ತಮಿಳರನ್ನು ನೋಡಿ ಕಲಿತ ಆಟ ಅದು: ಒಂದು ಪ್ರಶ್ನೆ, ಎರಡು ಪಕ್ಷ, ನಡುವೆ ಒಬ್ಬ ತೀರ್ಪುಗಾರ. ಈ ಸಲದ ಪ್ರಶ್ನೆ, ‘ಕೊರೋನಾ ಕಾಲದಲ್ಲಿ ನಮ್ಮನ್ನು ಕಾಪಾಡಿದ್ದು ಸರ್ಕಾರದ ಬಿಗಿಯೋ, ಜನರ ತಾಳ್ಮೆಯೋ?’ ಸರ್ಕಾರದ ಪರ ಸೈಟು ಮಾರುವ ಜಗನ್. ಮೊದಲನೇ ಅಲೆಯಲ್ಲಿ ಆಳುತ್ತಿದ್ದದ್ದು ಅವನ ಪಕ್ಷ. ಜನರ ಪರ ಲಾರಿ ಸರ್ವಿಸಿನ ಮೂರ್ತಿ. ಎರಡನೇ ಅಲೆಯ ನಡುವೆ ಕುರ್ಚಿಗೆ ಬಂದದ್ದು ಅವನ ಪಕ್ಷ. ಇಬ್ಬರೂ ಹಿಂದೆ ಮುಂದೆ ಒಂದೇ ದಿನ ಮೇಷ್ಟ್ರ ಮನೆಗೆ ಬಂದು, ಒಂದೇ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, “ಸ್ವಲ್ಪ ಖಾರವಾಗಿ ಬರೀರಿ ಮೇಷ್ಟ್ರೇ” ಎಂದು ಹೇಳಿ ಹೋಗಿದ್ದರು.

ಶನಿವಾರವಿಡೀ ಹಯಗ್ರೀವ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತರು. ಜಗನ್‌ಗೆ, ಗಡಿ ಮುಚ್ಚದಿದ್ದರೆ ಊರೇ ಸುಡುಗಾಡಾಗುತ್ತಿತ್ತು ಎಂದು ಬರೆದರು. ಮೂರ್ತಿಗೆ, ಗಡಿ ಮುಚ್ಚಿದ್ದರಿಂದಲೇ ಸಾಯಬಾರದವರು ಸತ್ತರು ಎಂದು ಬರೆದರು. ಅಡುಗೆಮನೆಯಿಂದ ಬಂದ ಹೆಂಡತಿ ಚಂದ್ರಲೇಖಾ ಎರಡೂ ಹಾಳೆ ನೋಡಿ, “ಹೊಡೆಯೋರೂ ನೀವೇ, ಅಳೋರೂ ನೀವೇ. ಚೆನ್ನಾಗಿದೆ ರೀ ನಿಮ್ಮ ಕೆಲಸ” ಎಂದಳು.

ಹಯಗ್ರೀವ ನಗಲಿಲ್ಲ. ಆ ಕಾಲದ ಬಗ್ಗೆ ತಮಗೆ ಗೊತ್ತಿದ್ದ ಒಂದು ಸಂಗತಿಯನ್ನು ಅವರು ಎರಡೂ ಹಾಳೆಯಿಂದ ಹೊರಗಿಟ್ಟಿದ್ದರು. ಅದನ್ನು ಯಾರ ಬಾಯಿಗೂ ಕೊಡುವ ಧೈರ್ಯ ಅವರಿಗಿರಲಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅವಲಪಲ್ಲಿ ಕಡೆಯ ಒಂದು ಕಲ್ಯಾಣ ಮಂಟಪ ತುಂಬಿತು. ಮದುಮಕ್ಕಳು ಕೂರುವ ಜಾಗದಲ್ಲಿ ತೀರ್ಪುಗಾರರ ಕುರ್ಚಿ. ಅದರಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಲಕ್ಷ್ಮೀಪತಿಗಳು, ಹೆಗಲ ಮೇಲೆ ಜರಿ ಶಲ್ಯ. ಅವರ ತೀರ್ಪು ಏನೆಂದು ಊರಿಗೇ ಗೊತ್ತು. ವಿಷಯ ಯಾವುದೇ ಇರಲಿ, ‘ಬಂಡಿಗೆ ಎರಡು ಚಕ್ರ, ಎರಡೂ ಬೇಕು’ ಎಂದು ಮುಗಿಸುವರು. ವೇದಿಕೆಯ ಅಂಚಿನಲ್ಲಿ ಒಂದು ಸಣ್ಣ ಮೇಜು, ಮೇಜಿನ ಮೇಲೆ ಒತ್ತುವ ಗಂಟೆ, ಗಂಟೆಯ ಹಿಂದೆ ಹಯಗ್ರೀವ. ಆರು ನಿಮಿಷಕ್ಕೆ ಒಂದು ಸಲ, ಏಳಕ್ಕೆ ಎರಡು ಸಲ ಒತ್ತಬೇಕು. ಅಷ್ಟೇ ಅವರ ಪಾತ್ರ.

ಪ್ರಾರ್ಥನೆ ಹಾಡಿದವಳು ಅವರದೇ ಶಾಲೆಯ ಆರನೇ ಕ್ಲಾಸಿನ ಭೂಮಿಕಾ. ಹಾಡು ಮುಗಿಸಿ ಹುಡುಗಿ ಮೂರನೇ ಸಾಲಿಗೆ ಓಡಿ ತಾಯಿಯ ಪಕ್ಕ ಕೂತಳು. ಆ ತಾಯಿಯನ್ನು ನೋಡಿದ್ದೇ ಹಯಗ್ರೀವರ ಬೆರಳು ಗಂಟೆಯ ಮೇಲೆ ತಣ್ಣಗಾಯಿತು.

ಸುಗುಣಾ. ಮೊದಲ ಶಿಫ್ಟ್ ಮುಗಿಸಿ ನೇರ ಬಂದಿದ್ದಳು. ಫ್ಯಾಕ್ಟರಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಅವಳೂ ಅವರ ಶಿಷ್ಯೆಯೇ. ಎಂಟನೇ ಕ್ಲಾಸಿನಲ್ಲಿ ಅರ್ಧ ಅಂಕಕ್ಕಾಗಿ ಸ್ಟಾಫ್ ರೂಮಿನ ತನಕ ಬಂದು ವಾದಿಸಿ ಗೆದ್ದುಕೊಂಡು ಹೋದ ಹುಡುಗಿ. ಈಗ ಮೂವತ್ತೈದರ ಹತ್ತಿರ. ಮೇಷ್ಟ್ರನ್ನು ನೋಡಿ ಕೂತಲ್ಲಿಂದಲೇ ಕೈ ಮುಗಿದಳು.

ಜಗನ್ ಮೈಕು ಹಿಡಿದ. ಮೂರು ನಿಮಿಷ ಹಾಳೆ ನೋಡಿಕೊಂಡು ಓದಿದ. ಜನ ಆಕಳಿಸತೊಡಗಿದ್ದನ್ನು ಕಂಡು ಹಾಳೆ ಮಡಿಸಿ ಜೇಬಿಗಿಟ್ಟ.

“ಇದೆಲ್ಲ ಬಿಡ್ರಪ್ಪ. ಒಂದು ಕತೆ ಹೇಳ್ತೀನಿ, ನಮ್ ಕೆಲಮಂಗಲದ ಕಡೆ ಎಲ್ರಿಗೂ ಗೊತ್ತು. ಒಬ್ಳು ಮಗ್ಳು. ಅವ್ವನ್ನ ಆಟೋದಾಗೆ ಕೂರುಸ್ಕಂಡು ಗಡಿ ತಾವಕ್ಕೆ ಬಂದವ್ಳೆ. ಪಾಸೆಲ್ಲಮ್ಮಾ ಅಂದ್ರು. ಜಂಬದಾಗೆ ಫೋನ್ ತೋರುಸ್ತಾಳೆ. ಯಾವ ಕಾರಣಕ್ಕೆ ಪಾಸು ತಗಂಡವ್ಳೆ ಹೇಳಿ ನೋಡಾಣ?” ಜಗನ್ ಕಿವಿಗೆ ಕೈ ಹಚ್ಚಿ ಕಾದ. ಹಿಂದಿನ ಸಾಲಿನಿಂದ ಯಾರೋ, “ಸಾವು!” ಎಂದು ಕೂಗಿದರು. “ಆ! ಸಾವು! ಅವ್ವ ನೋಡಿದ್ರೆ ಆಟೋದಾಗೆ ಎಲೆ ಅಡಿಕೆ ಅಗೀತಾ ಕೂತವ್ಳೆ! ಪೋಲೀಸ್ನೋನು ತಲೆ ಕೆರ್ಕಂಡು ಕೇಳ್ತಾನೆ, ಅಮ್ಮಣ್ಣಿ, ಇದ್ರಾಗೆ ಹೆಣ ಯಾವ್ದವ್ವಾ?”

ಮಂಟಪ ನಕ್ಕು ಉರುಳಿತು. ಲಕ್ಷ್ಮೀಪತಿಗಳು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು.

“ಇಂಥ ಬುದ್ವಂತರನ್ನ ಇಟ್ಕಂಡು ಸರ್ಕಾರ ಏನ್ ಮಾಡಾಕಾಯ್ತದೆ? ಬಿಗಿ ಮಾಡ್ದೆ ಇದ್ದಿದ್ರೆ ನಾವ್ಯಾರೂ ಇವತ್ತು ಇಲ್ಲಿ ಕೂತಿರ್ತಿರ್ಲಿಲ್ಲ!”

ಸುಗುಣಾಳ ಪಕ್ಕದ ಹೆಂಗಸು, ಏನೂ ಅರಿಯದವಳು, ನಗುವ ಭರದಲ್ಲಿ ಅವಳ ತೋಳಿಗೇ ತಟ್ಟಿದಳು. ಸುಗುಣಾ ತಲೆ ತಗ್ಗಿಸಿ ಮಗಳ ಜಡೆಯ ಟೇಪು ಬಿಚ್ಚಿದಳು, ಮತ್ತೆ ಕಟ್ಟಿದಳು. ಸರಿಯಾಗಿಯೇ ಇದ್ದ ಟೇಪು ಅದು.

ಗಡಿಯಾರ ಆರು ನಿಮಿಷ ದಾಟಿ ಏಳಕ್ಕೆ ಬಂತು. ಹಯಗ್ರೀವ ಗಂಟೆ ಒತ್ತುವುದನ್ನೇ ಮರೆತಿದ್ದರು.

ಆ ಚೆಕ್‌ಪೋಸ್ಟಿನ ಮೇಜಿನ ಹಿಂದೆ ಅವತ್ತು ಕೂತಿದ್ದವರು ಅವರೇ.

ಶಾಲೆ ಮುಚ್ಚಿದ್ದರಿಂದ ಮೇಷ್ಟ್ರುಗಳನ್ನೆಲ್ಲ ಗಡಿ ಡ್ಯೂಟಿಗೆ ಹಾಕಿದ್ದರು. ಹೆದ್ದಾರಿಯ ಬದಿಗೆ ಒಂದು ಶಾಮಿಯಾನ, ಒಂದು ಲ್ಯಾಪ್‌ಟಾಪು, ಹಣೆಗೆ ಹಿಡಿಯುವ ಜ್ವರದ ಯಂತ್ರ. ಅದಕ್ಕೆ ಮೊದಲು ಹೊಸೂರಿನವರಿಗೆ ಗಡಿ ಎಂಬುದೊಂದಿದೆ ಎಂದೇ ನೆನಪಿರುತ್ತಿರಲಿಲ್ಲ. ಸೊಸೆ ತರುವುದು ಆಚೆಯಿಂದ, ತರಕಾರಿ ಹೋಗುವುದು ಆಚೆಗೆ, ಕಾಯಿಲೆ ಬಿದ್ದರೆ ಆಸ್ಪತ್ರೆಯೂ ಆಚೆಯದೇ. ಸುಗುಣಾಳ ತಾಯಿ ಕೊಂಡಮ್ಮನಿಗೆ ಎರಡೂ ಕಿಡ್ನಿ ಹೋಗಿದ್ದವು. ಮಗಳ ಮನೆಯಲ್ಲಿದ್ದುಕೊಂಡು ವಾರಕ್ಕೆ ಎರಡು ಸಲ ಆಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಆಟೋದಲ್ಲಿ ಅರ್ಧ ಗಂಟೆಯ ದಾರಿ. ಈಚೆಯಲ್ಲಿ ವಿಚಾರಿಸಿದರೆ ಯಂತ್ರಕ್ಕೆ ಸರದಿ, ಸರದಿಗೆ ತಿಂಗಳು. ಪ್ರತಿ ಸಲವೂ ಹೊಸ ಪಾಸು ಬೇಕು. ಸುಗುಣಾ ಫೋನಿನಲ್ಲೇ ಅರ್ಜಿ ಹಾಕಿ, ಪಾಸು ತರಿಸಿಕೊಂಡು ಬರುತ್ತಿದ್ದಳು. ಫಾರಂ ತಮಿಳಿನಲ್ಲಿತ್ತು. ತಮಿಳು ಅವಳಿಗೆ ಬಾಯಲ್ಲಿ ನೀರಿನಂತೆ, ಓದುವುದಕ್ಕೆ ಬಾರದು. ಓದಿದ್ದು ಹಯಗ್ರೀವರ ಶಾಲೆಯಲ್ಲಿ, ಕನ್ನಡದಲ್ಲಿ. ಎಷ್ಟನೇ ಸಾಲಿನಲ್ಲಿ ಏನಿದೆ ಎಂದು ಯಾರಿಂದಲೋ ಕೇಳಿ ಗುರುತಿಟ್ಟುಕೊಂಡು ತುಂಬುತ್ತಿದ್ದಳು. ಆರು ಸಲ ಹಾಗೆಯೇ ದಾಟಿದ್ದರು. ಆಟೋ ನಿಂತಾಗಲೆಲ್ಲ ಕೊಂಡಮ್ಮ ಒಳಗಿನಿಂದಲೇ, “ಊಟ ಆಯ್ತಾ ಮೇಷ್ಟ್ರೇ?” ಎನ್ನುತ್ತಿದ್ದಳು.

ಏಳನೇ ಸಲ ಬರುವ ಹೊತ್ತಿಗೆ ಬೆಳಗಿನ ಎಂಟಕ್ಕೆ ವಾಟ್ಸಾಪ್ ಗುಂಪಿಗೆ ಒಂದು ಸಾಲು ಬಂದು ಬಿದ್ದಿತ್ತು. ಇಂದಿನಿಂದ ಎರಡೂ ರಾಜ್ಯದ ಒಪ್ಪಿಗೆ ಬೇಕು, ಇಲ್ಲದವರನ್ನು ಹಿಂದಕ್ಕೆ ಕಳಿಸಿ. ಸಹಿಯಿಲ್ಲ, ನಂಬರಿಲ್ಲ, ಚಿಕಿತ್ಸೆಗೆ ಹೋಗುವವರ ಬಗ್ಗೆ ಒಂದು ಮಾತಿಲ್ಲ. ಆಚೆಯವರನ್ನು ಕೇಳಿದರೆ ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಹತ್ತು ಗಂಟೆಯೊಳಗೆ ಮೂವತ್ತೇಳು ಗಾಡಿ ಹಿಂದಕ್ಕೆ ಹೋದವು. ಒಬ್ಬ ಲಾರಿಯವನು ಹಯಗ್ರೀವರ ಕಾಲರು ಹಿಡಿದು ಎಳೆದ. ಇನ್ನೊಬ್ಬ ಕಾಲಿಗೆ ಬಿದ್ದ. ಕಾಲರಿಗಿಂತ ಅದೇ ಹೆಚ್ಚು ಕಷ್ಟವಾಯಿತು. ಜೀಪಿನಲ್ಲಿ ಕೂತ ಅಧಿಕಾರಿ ಇದನ್ನೆಲ್ಲ ನೋಡಿ, “ಏದಾವದು ಸೊಲ್ಲಿ ಅನುಪ್ಪುಂಗ ಸಾರ್” ಎಂದರು. ಏನಾದರೊಂದು ಹೇಳಿ ಕಳಿಸಿ. ಕಿಟಕಿಯ ಗಾಜು ಮತ್ತೆ ಮೇಲಕ್ಕೇರಿತು.

ಆಗ ಬಂದವಳು ಸುಗುಣಾ. ಅವಳು ಫೋನು ಚಾಚಿದಳು. ಪಾಸು ಸರಿಯಾಗಿತ್ತು. ಹೆಸರು ಸರಿ, ದಿನ ಸರಿ, ಕಾರಣ ಚಿಕಿತ್ಸೆ ಎಂದಿತ್ತು. ಹಯಗ್ರೀವರು ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಹೊಸ ಆದೇಶ ಎಂದರೆ ಈ ಹುಡುಗಿ ಬಿಡುವವಳಲ್ಲ. ಆದೇಶ ತೋರಿಸಿ ಎನ್ನುತ್ತಾಳೆ. ಯಾರು ಸಹಿ ಹಾಕಿದ್ದು ಎನ್ನುತ್ತಾಳೆ. ಜೀಪಿನ ಗಾಜು ತಟ್ಟುತ್ತಾಳೆ. ಮತ್ತೆ ಜನ ಸೇರುತ್ತಾರೆ, ಮತ್ತೆ ಯಾರೋ ಕಾಲರಿಗೆ ಕೈ ಹಾಕುತ್ತಾರೆ. ಅವರಿಗೆ ಸಾಕಾಗಿತ್ತು.

“ಕಾರಣದ ಕಾಲಂ ತಪ್ಪಾಗಿದೆಯಮ್ಮ, ಸುಗುಣಾ.”

“ಏನ್ ಬಿದ್ದೈತೆ ಮೇಷ್ಟ್ರೇ?”

ಆ ಕಾಲಮಿನಲ್ಲಿ ಆರಿಸಿಕೊಳ್ಳಲು ಇದ್ದದ್ದೇ ಮೂರು: ಮದುವೆ, ಚಿಕಿತ್ಸೆ, ಸಾವು. ಮದುವೆ ಎಂದರೆ ನಂಬುವಂತಿರಲಿಲ್ಲ. ನಾಲಿಗೆ ಉಳಿದದ್ದರ ಮೇಲೆ ಹೋಯಿತು.

“ಸಾವು ಅಂತ ಬಿದ್ದಿದೆ.”

ಸುಗುಣಾ ರಸ್ತೆಯಲ್ಲೇ ನಿಂತು ಎರಡೂ ಕೆನ್ನೆಗೆ ಹೊಡೆದುಕೊಂಡಳು. ಬದುಕಿರುವ ತಾಯಿಗೆ ಕೈಯಾರೆ ಸಾವು ಬರೆದೆನಲ್ಲ ಎಂದು ಕೈಯನ್ನೇ ಶಪಿಸಿಕೊಂಡಳು. ಆಮೇಲೆ, ಇದನ್ನು ಹಯಗ್ರೀವರು ಎಂದೂ ಮರೆಯಲಾರದೆ ಹೋದರು, ಅವರಿಗೇ ಕೈ ಮುಗಿದಳು. “ತಪ್ಪಾಯ್ತು ಮೇಷ್ಟ್ರೇ. ಸರಿ ಮಾಡ್ಕಂಡು ಬತ್ತೀನಿ.” ಆಟೋ ತಿರುಗಿತು. ತಿರುಗುವಾಗ ಒಳಗಿನಿಂದ ಸೋತ ಸ್ವರ ಕೇಳಿತು. “ಊಟ ಆಯ್ತಾ ಮೇಷ್ಟ್ರೇ?”

ಮೂರನೆಯ ದಿನ ಕೊಂಡಮ್ಮ ಮಗಳ ಮನೆಯಲ್ಲೇ ಉಸಿರಾಡಲಾರದೆ ಸತ್ತಳು. ಸುಗುಣಾ ಮತ್ತೆ ಹಾಕಿದ ಅರ್ಜಿಗೆ ಪಾಸು ಬಂದದ್ದು ಮಣ್ಣು ಮಾಡಿ ಬಂದ ಮೇಲೆ. ಕೊಂಡಮ್ಮನ ಗಂಡ ಮುತ್ತರಾಯಪ್ಪ ಹನ್ನೊಂದನೇ ದಿನ ನೆಂಟರೆದುರಿಗೆ, “ನನ್ ಮನೆಯೋಳ್ನ ನನ್ ಮಗ್ಳೇ ಬರ್ದು ಕಳ್ಸ್‌ಬುಟ್ಳು” ಎಂದ. ಅಂದಿನಿಂದ ಮಗಳ ಕೈಯ ನೀರು ಕುಡಿಯಲಿಲ್ಲ, ಅವಳನ್ನು ಹೊಸ್ತಿಲು ಹತ್ತಿಸಲಿಲ್ಲ. ಆ ಮಾತು ಬಾಯಿಂದ ಬಾಯಿಗೆ ಹೋಗಿ, ಅಳು ಸೋರಿಹೋಗಿ, ಸಂತೆಯಲ್ಲಿ ನಗೆಯಾಯಿತು.

ಹಿಂದಕ್ಕೆ ಕಳಿಸಿದ ಪ್ರತಿ ಪಾಸಿನ ಫೋಟೋ ತೆಗೆದು ಗುಂಪಿಗೆ ಹಾಕಬೇಕೆಂಬ ನಿಯಮವಿತ್ತು. ಅದನ್ನು ಮಾತ್ರ ಹಯಗ್ರೀವರು ತಪ್ಪದೆ ಮಾಡಿದ್ದರು. ಎರಡು ಫೋನು ಬದಲಾದವು. ಆ ಫೋಟೋ ಒಂದರಿಂದ ಇನ್ನೊಂದಕ್ಕೆ ಬರುತ್ತಲೇ ಇತ್ತು. ಅಳಿಸಲು ಬೆರಳು ಬರಲಿಲ್ಲ. ತೋರಿಸಲು ಕಾಲು ಬರಲಿಲ್ಲ. ಎರಡು ಸಲ ಕೆಲಮಂಗಲದ ಕಡೆಯ ಮುತ್ತರಾಯಪ್ಪನ ಹಳ್ಳಿಗೆ ಹೊರಟು ಬಸ್ ಸ್ಟ್ಯಾಂಡಿನಿಂದ ಹಿಂದಿರುಗಿದ್ದರು. ಅಂಥ ರೋಗಿ ಹೇಗೂ ಎಷ್ಟು ದಿನ ಇರುತ್ತಿದ್ದಳು ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಹಾಗೆ ಹೇಳಿಕೊಂಡ ದಿನ ಅನ್ನ ಇಳಿಯುತ್ತಿರಲಿಲ್ಲ.

ಈಗ ಮೂರ್ತಿ ಎದ್ದಿದ್ದ. ಹಯಗ್ರೀವರಿಗೆ ಒಂದು ಆಸೆಯಾಯಿತು. ಇವನಾದರೂ ಆ ನಗೆಯನ್ನು ತಡೆಯಬಹುದು. ಜನರ ಪರ ತಾನೆ ಇವನು.

“ಜಗನ್ ಅಣ್ಣ ಚೆನ್ನಾಗಿ ನಗ್ಸಿದ್ರು. ನಂಗೂ ಹೊಟ್ಟೆ ಹುಣ್ಣಾಯ್ತು,” ಎಂದ ಮೂರ್ತಿ. “ಆದ್ರೆ ಒಂದು ಕೇಳ್ತೀನಿ. ಆ ಫಾರಂ ಯಾವ ಭಾಷೆನಾಗಿತ್ತು? ಓದಾಕೆ ಬರ್ದಿರೋ ಹೆಣ್ಮಗ್ಳು ತಪ್ಪು ಮಾಡ್ದೆ ಇನ್ನೇನ್ ಮಾಡ್ತಾಳೆ? ಅವ್ಳು ದಡ್ಡಿ ಅನ್ನಿ, ಒಪ್ತೀನಿ. ದಡ್ರನ್ನ ಕಾಪಾಡಾಕೇ ಅಲ್ವಾ ಸರ್ಕಾರ ಇರೋದು? ನಮ್ ಪಕ್ಷ ಬಂದ್ಮೇಲೆ ಒಂದಾದ್ರೂ ಇಂಥದ್ದು ಆಯ್ತಾ?”

ಚಪ್ಪಾಳೆ ಬಿತ್ತು. ಹಯಗ್ರೀವರ ಕಿವಿ ಕಾದ ಹೆಂಚಾಯಿತು. ಇಡೀ ಮಧ್ಯಾಹ್ನ ಒಂದೇ ಒಂದು ಮಾತಿನಲ್ಲೂ ಒಪ್ಪದ ಈ ಇಬ್ಬರು ಒಂದರಲ್ಲಿ ಮಾತ್ರ ಒಪ್ಪಿದ್ದರು: ತಪ್ಪು ಸುಗುಣಾಳದು. ಆ ಒಪ್ಪಂದವನ್ನು ಇಬ್ಬರಿಗೂ ಬರೆದುಕೊಟ್ಟವರು ಯಾರು? ಹಾಳೆಯಲ್ಲಿ ಬರೆದಿರಲಿಲ್ಲ, ನಿಜ. ಐದು ವರ್ಷದ ಹಿಂದೆ ಬಾಯಲ್ಲಿ ಬರೆದುಕೊಟ್ಟಿದ್ದರು.

ಲಕ್ಷ್ಮೀಪತಿಗಳು ತೀರ್ಪಿಗೆ ಎದ್ದರು. “ಬಂಡಿಗೆ ಎರಡು ಚಕ್ರ,” ಎಂದು ಶುರುಮಾಡಿ, ಸಮಯ ನೋಡಿ ಒಂದು ಹೊಸ ಮಾತನ್ನೂ ಸೇರಿಸಿದರು. “ಆ ಮಗಳ ಕತೆಯಿಂದ ನಾವೆಲ್ಲ ಕಲಿಯಬೇಕಾದ್ದು ಇಷ್ಟೇ. ಫಾರಂ ತುಂಬುವಾಗ ಎಚ್ಚರ...”

ಗಂಟೆ ಹೊಡೆಯಿತು.

ತೀರ್ಪುಗಾರರಿಗೆ ಗಂಟೆ ಹೊಡೆಯುವ ಪದ್ಧತಿ ಇಲ್ಲ. ಜನ ನಕ್ಕರು. ಲಕ್ಷ್ಮೀಪತಿಗಳು ನಸುನಕ್ಕು ಮುಂದುವರಿದರು. ಮತ್ತೆ ಗಂಟೆ. ಮತ್ತೆ. ಹಯಗ್ರೀವರು ತಲೆ ಎತ್ತದೆ ಒತ್ತುತ್ತಲೇ ಇದ್ದರು. ನಗು ನಿಂತಿತು.

“ಏನ್ರೀ ಹಯಗ್ರೀವ, ಮೈಯಲ್ಲಿ ಹುಷಾರಿಲ್ಲವೇ?”

“ಆ ಹುಡುಗಿ ತಪ್ಪು ಬರೆದಿರಲಿಲ್ಲ ಸಾರ್.” ಅವರು ಎದ್ದು ನಿಂತಿದ್ದರು. ಮೈಕು ದೂರವಿತ್ತು. ಯಾರೋ, “ಕೇಳ್ತಿಲ್ಲ, ಜೋರಾಗಿ” ಎಂದರು. ಪಾಠ ಹೇಳುವ ಗಂಟಲು ಅದು, ಆದರೂ ಎರಡು ಸಲ ಕೆಮ್ಮಬೇಕಾಯಿತು. “ತಪ್ಪು ಬರೆದಿರಲಿಲ್ಲ. ಚಿಕಿತ್ಸೆ ಅಂತಲೇ ಬರೆದಿದ್ದಳು. ಚೆಕ್‌ಪೋಸ್ಟಿನಲ್ಲಿ ಕೂತಿದ್ದವನು ನಾನು. ಅವತ್ತು ಬೆಳಿಗ್ಗೆ ಯಾರೋ ಒಂದು ಸಾಲು ಮೆಸೇಜ್ ಹಾಕಿದ್ರು, ಎರಡು ಪಾಸು ಬೇಕು ಅಂತ. ಅದನ್ನ ಹೇಳಿದ್ರೆ ಜಗಳ ಆಗುತ್ತೆ ಅಂತ ಹೆದರಿ, ಸುಳ್ಳು ಹೇಳಿದೆ. ನೀನೇ ತಪ್ಪು ತುಂಬಿದ್ದೀಯ ಅಂದೆ. ನಾನು ಅವಳ ಮೇಷ್ಟ್ರು. ನಂಬಿದಳು.”

ಲಕ್ಷ್ಮೀಪತಿಗಳು ಮೆಲ್ಲಗೆ ಕುರ್ಚಿಗೆ ಒರಗಿ ಕೂತರು.

“ಕೂತ್ಕಳಿ ಮೇಷ್ಟ್ರೇ,” ಎಂದ ಜಗನ್ ಮೆಲ್ಲಗೆ. “ಹಳೇ ಸಂಗ್ತಿ. ಇವತ್ತ್ಯಾಕೆ?”

“ಯಾಕ್ ಕೂರ್ಬೇಕು? ಹೇಳ್ಲಿ ಬುಡಿ!” ಮೂರ್ತಿಯ ಮುಖ ಅರಳಿತ್ತು. “ಆಗಿನ ಸರ್ಕಾರದ ಬಣ್ಣ ಮೇಷ್ಟ್ರ ಬಾಯಾಗೇ ಬಯಲಾಗ್ಲಿ!”

“ನಿನಗೂ ಇದೆ ಕೇಳಪ್ಪಾ,” ಎಂದರು ಹಯಗ್ರೀವ. ತಮ್ಮ ದನಿ ಇಷ್ಟು ಒರಟಾಗಬಲ್ಲದೆಂದು ಅವರಿಗೇ ಗೊತ್ತಿರಲಿಲ್ಲ. “ಎರಡನೇ ಅಲೇಲಿ ನಿಮ್ಮವರು ಬಂದ್ರಲ್ಲ, ಆಗಲೂ ನನ್ನನ್ನ ಅದೇ ಮೇಜಿಗೆ ಹಾಕಿದ್ರು. ಆ ಮೆಸೇಜ್ ಬರೆದವರು ಯಾರು, ಯಾರ ಅಪ್ಪಣೆ ಅಂತ ಕೇಳಿ ಒಂದು ಅರ್ಜಿ ಬರೆದು ನಿನ್ನ ಕೈಗೇ ಕೊಟ್ಟೆ. ಏನಂದೆ? ಹಳೇ ಸಂಗತಿ ಬಿಡಿ ಮೇಷ್ಟ್ರೇ, ಮುಂದೆ ನೋಡೋಣ ಅಂದೆ. ಈಗ ಇವನು ಹೇಳ್ತಾ ಇದಾನಲ್ಲ, ಅದೇ ಮಾತು. ಅರ್ಜಿ ಎಲ್ಲಿ ಹೋಯ್ತೋ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಬೇಕಾಗಿರೋದು ಒಂದು ಕತೆ. ನಗಿಸೋಕೆ ಅವನಿಗೆ, ಬೈಯೋಕೆ ನಿನಗೆ. ಸತ್ತವಳ ಹೆಸರು ಹೇಳಿ ನೋಡೋಣ, ಇಬ್ಬರಲ್ಲಿ ಒಬ್ಬರು?”

ಜಗನ್ ಮೂರ್ತಿಯ ಕಡೆ ನೋಡಿದ.

“ಕೊಂಡಮ್ಮ.”

ಹೇಳಿದವಳು ಸುಗುಣಾ. ಅವಳು ಆಗಲೇ ವೇದಿಕೆಯ ಮೆಟ್ಟಿಲ ಬಳಿ ಬಂದಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು.

“ತೋರ್ಸಿ ಮೇಷ್ಟ್ರೇ, ಅವತ್ತು ಪಾಸಿನ ಫೋಟೋ ತೆಗ್ದಿದ್ರಲ್ಲ; ನನ್ ಫೋನಾಗಿದ್ದುದ್ನ ಅವತ್ತೇ ಅಳಿಸ್ಬುಟ್ಟೆ. ಬಾಯ್ಮಾತು ಒಂದ್ಸಲ ನಂಬಿದ್ದೆ, ಸಾಕು.”

ಹಯಗ್ರೀವರು ಫೋನು ತೆಗೆದು ಆ ಫೋಟೋ ಹುಡುಕಿದರು. ಹುಡುಕಬೇಕಾಗಿರಲಿಲ್ಲ, ಎಲ್ಲಿದೆಯೆಂದು ಬೆರಳಿಗೆ ಗೊತ್ತಿತ್ತು. ಸುಗುಣಾ ಎರಡು ಬೆರಳಿನಿಂದ ಅಕ್ಷರ ದೊಡ್ಡದು ಮಾಡಿಕೊಂಡಳು. ತುಟಿ ಅಲುಗಿತು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವಂತೆ ಓದಿದಳು.

“ಮ... ರು... ತ್ತು... ವಂ.”

ಆ ಮಾತಿನ ಅರ್ಥ ಚಿಕಿತ್ಸೆ ಎಂದು ಹೊಸೂರಿನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಪ್ರತಿ ಆಸ್ಪತ್ರೆಯ ಬೋರ್ಡಿನಲ್ಲೂ ಆ ಮಾತಿರುತ್ತದೆ.

“ಓದಾಕೆ ಕಲ್ತೆ ಮೇಷ್ಟ್ರೇ,” ಎಂದಳು, ಫೋನಿನಿಂದ ಕಣ್ಣು ತೆಗೆಯದೆ. “ಭೂಮಿಕನ ಒಂದ್ನೇ ಕ್ಲಾಸಿನ ತಮಿಳು ಪುಸ್ತಕ ಇಟ್ಕಂಡು. ಡ್ಯೂಟಿ ಮುಗ್ಸಿ ಬಂದು ಇವ್ಳ ಜತೇಲಿ ಕೂತು ತಿದ್ದಿದೀನಿ. ಅಂಥ ತಪ್ಪು ಇನ್ನೊಂದ್ಸಲ ನನ್ ಕೈಲಿ ಆಗ್ಬಾರ್ದು ಅಂತ.”

ಹಯಗ್ರೀವರಿಗೆ ಗೊತ್ತಿತ್ತು, ಏನು ಹೇಳಿದರೂ ಅದು ಇನ್ನೊಂದು ಭಾಷಣವಾಗುತ್ತಿತ್ತು.

“ಜಗಳ ಆಡ್ತೀನಿ ಅಂತ ಹೆದ್ರಿ ಅಂಗಂದ್ರಾ?”

“ಹೌದಮ್ಮ.”

“ಆಡ್ತಿದ್ದೆ. ರಸ್ತೆಗೆ ಅಡ್ಡ ಮಲಿಕ್ಕಂತಿದ್ದೆ. ಆ ಜೀಪಿನ ಗಾಜು ಒಡೀತಿದ್ದೆ. ಬುಡ್ತಿದ್ರೋ ಇಲ್ವೋ, ನಂಗೊತ್ತಿಲ್ಲ. ಆದ್ರೆ ನಮ್ಮವ್ವಂಗೋಸ್ಕರ ಜಗಳ ಆಡ್ದೆ ಅನ್ನೋದೊಂದಾದ್ರೂ ನನ್ ತಾವ ಇರ್ತಿತ್ತು. ಅದನ್ನೂ ಕಿತ್ಕಂಡ್ರಿ. ಅವ್ರ ಮೇಲೆ ಹೋಗ್ಬೇಕಾಗಿದ್ದ ಕ್ವಾಪಾನ ನನ್ ಮೇಲೇ ತಿರುಗ್ಸಿ ಮನೆಗೆ ಕಳ್ಸುದ್ರಿ. ಐದು ವರ್ಸ ನನ್ ಕೈ ನಾನೇ ನೋಡ್ಕಂಡು ಅತ್ತಿದೀನಿ ಮೇಷ್ಟ್ರೇ, ಈ ಕೈ!”

ಅವಳು ಕೈ ಮೇಲೆತ್ತಿದಳು. ಹಯಗ್ರೀವರು ಆ ಕೈಯನ್ನು ನೋಡಲಾರದೆ ಗಂಟೆಯನ್ನು ನೋಡಿದರು.

ಜಗನ್ ಹತ್ತಿರ ಬಂದ. ಅವನ ಮುಖದಲ್ಲಿ ನಿಜವಾಗಿಯೂ ಬೆವರಿತ್ತು. “ತಂಗೀ, ಅದು ನೀನು ಅಂತ ಗೊತ್ತಿರ್ಲಿಲ್ಲ ಕಣವ್ವಾ. ದೇವ್ರಾಣೆ.”

“ಬ್ಯಾರೆಯೋಳಾಗಿದ್ರೆ ನಗ್ಬೋದಿತ್ತಾ ಅಣ್ಣಾ?”

ಅವನು ಒಂದು ಹೆಜ್ಜೆ ಹಿಂದಕ್ಕೆ ಹೋದ. ಆ ಜಾಗಕ್ಕೆ ಮೂರ್ತಿ ಬಂದ. “ಅಕ್ಕಾ, ನಾಳೆನೇ ಪ್ರೆಸ್‌ನೋರ್ನ ಕರೆಸ್ತೀನಿ. ನೀನು ಆ ಫೋಟೋ ಹಿಡ್ಕಂಡು ನಿಂತ್ಕಂಡ್ರೆ ಸಾಕು, ಮಿಕ್ಕಿದ್ದು ನಾನ್ ನೋಡ್ಕಂತೀನಿ.”

“ಮೇಷ್ಟ್ರು ಕೊಟ್ಟ ಅರ್ಜಿ ನೋಡ್ಕಂಡಂಗಾ? ನಿಮ್ ಎಲೆಕ್ಷನ್ನಿಗೆ ನಮ್ಮವ್ವ ಬರಾಕಿಲ್ಲಣ್ಣ. ಅವ್ಳಿಗೆ ಪಾಸಿಲ್ಲ.”

ಲಕ್ಷ್ಮೀಪತಿಗಳು, “ಹಾಗ್ಯಾಕಮ್ಮ, ಎಲ್ಲ ಕೂತು ಮಾತಾಡೋಣ, ಎರಡೂ ಕಡೆ...” ಎಂದರು. ಎರಡೂ ಕಡೆ ಎಂಬಲ್ಲಿಗೆ ಬಂದು ತಾವಾಗಿಯೇ ನಿಂತರು. ಅವರ ತೀರ್ಪು ಅಂದು ಮುಗಿಯಲಿಲ್ಲ.

ಹಯಗ್ರೀವರಿಗೆ ಕೊನೆಗೆ ತಮಗೆ ಬರುವ ಒಂದೇ ಕೆಲಸ ನೆನಪಾಯಿತು. “ನಾನು ಎಲ್ಲಾ ಬರೆದುಕೊಡ್ತೀನಮ್ಮ. ಯಾವ ದಿನ, ಎಷ್ಟು ಹೊತ್ತಿಗೆ ಮೆಸೇಜ್ ಬಂತು, ನಾನು ಏನಂದೆ, ಎಲ್ಲಾ. ಮೇಲಿನವರಿಗೆ ಕಳಿಸೋಣ. ಈ ಸಲ ಬಿಡೋದಿಲ್ಲ. ನನ್ನ ಕೆಲಸ ಹೋದರೂ ಹೋಗಲಿ.”

“ನೀವು ಬರೀಬ್ಯಾಡಿ.” ಸುಗುಣಾ ಫೋನನ್ನು ಅವರ ಕೈಗಿತ್ತಳು. “ನಾನ್ ಬರೀತೀನಿ. ನೀವು ಸೈನ್ ಹಾಕಿ. ಅದು ನಾಳಿಕ್ಕೆ. ಇವತ್ತು ನಮ್ಮಪ್ಪನ ತಾವಕ್ಕೆ ಬನ್ನಿ. ನಾನ್ ಹೇಳುದ್ರೆ ಅವ್ನು ನಂಬಾಕಿಲ್ಲ. ಮೇಷ್ಟ್ರು ಹೇಳುದ್ರೆ ನಂಬ್ತಾನೆ. ಎಲ್ರೂ ನಂಬ್ತಾರಲ್ಲ.”

ಕೆಲಮಂಗಲದ ಬಸ್ಸಿನಲ್ಲಿ ಸೀಟು ಇದ್ದವು. ಹಯಗ್ರೀವರು ಕೂರಲಿಲ್ಲ. ಮೇಷ್ಟ್ರ ಜೊತೆ ಬಸ್ಸು ಹತ್ತಿದ ಶಿಷ್ಯರು ಮೇಷ್ಟ್ರಿಗೂ ಸೇರಿಸಿಯೇ ಟಿಕೆಟ್ ತೆಗೆಯುವುದು ಆ ಕಡೆಯ ರೂಢಿ, ಬೇಡವೆಂದರೂ ಬಿಡುವವರಲ್ಲ. ಸುಗುಣಾ ತನಗೊಂದು, ಮಗಳಿಗೊಂದು ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಹಯಗ್ರೀವರು ತಮ್ಮ ಟಿಕೆಟನ್ನು ತಾವೇ ತೆಗೆದು, ಕಂಬಿ ಹಿಡಿದು ನಿಂತರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿದರು. ಜೋಡಿಸಿದ ಪ್ರತಿಯೊಂದರಲ್ಲೂ ತಮ್ಮನ್ನು ಸ್ವಲ್ಪ ಉಳಿಸಿಕೊಳ್ಳುವ ಒಂದು ಪದ ನುಸುಳಿರುತ್ತಿತ್ತು. ‘ಆ ಪರಿಸ್ಥಿತಿಯಲ್ಲಿ.’ ‘ಮೇಲಿನವರ ಒತ್ತಡ.’ ಒಂದೊಂದನ್ನೇ ಕಿತ್ತು ಹಾಕುತ್ತ ಹೋದರು. ಊರು ಬರುವ ಹೊತ್ತಿಗೆ ಉಳಿದದ್ದು ಎರಡು ವಾಕ್ಯ.

ಮುತ್ತರಾಯಪ್ಪ ಜಗುಲಿಯ ಮೇಲೆ ಕೂತು ಹಸುವಿನ ಹಗ್ಗ ಹೊಸೆಯುತ್ತಿದ್ದ. ಅಂಗಳದ ಬೇಲಿಯ ಬಳಿ ಸುಗುಣಾ ನಿಂತುಬಿಟ್ಟಳು. ಅಲ್ಲಿಂದ ಮುಂದೆ ಅವಳ ಕಾಲು ಐದು ವರ್ಷದಿಂದ ಬಂದಿರಲಿಲ್ಲ. ಮುದುಕ ಅವಳನ್ನು ನೋಡಿಯೂ ನೋಡದವನಂತೆ, “ಏನ್ ಮೇಷ್ಟ್ರೇ, ಅಪರೂಪ. ಬನ್ನಿ, ಕೂತ್ಕಳಿ. ಊಟ ಆಯ್ತಾ?” ಎಂದ.

ಹಯಗ್ರೀವರು ಅಂಗಳದಲ್ಲೇ ನಿಂತರು.

“ಮುತ್ತರಾಯಪ್ಪನೋರೆ, ನಿಮ್ಮ ಮಗಳು ಪಾಸಿನಲ್ಲಿ ಚಿಕಿತ್ಸೆ ಅಂತಲೇ ಬರೆದಿದ್ದಳು. ಸಾವು ಅಂತ ಇದೆ ಅಂದು ಸುಳ್ಳು ಹೇಳಿ ವಾಪಸ್ ಕಳಿಸಿದವನು ನಾನು.”

ಹಗ್ಗ ಹೊಸೆಯುವ ಕೈ ನಿಂತಿತು. ಮುದುಕ ಮೇಷ್ಟ್ರನ್ನು ನೋಡಿದ. ಆಮೇಲೆ ಕಣ್ಣು ಅವರನ್ನು ದಾಟಿ ಬೇಲಿಯ ಕಡೆ ಹೋಯಿತು. ಪಕ್ಕಕ್ಕೆ ಸರಿದು ಜಗುಲಿಯ ಮೇಲೆ ಜಾಗ ಮಾಡಿ, ಹೆಗಲ ಟವೆಲಿನಿಂದ ಅದನ್ನು ಎರಡು ಸಲ ಒರೆಸಿದ.

“ಭೂಮಿಕಾ,” ಎಂದ, “ನಿಮ್ಮವ್ವನ್ನ ಕರ್ಕಂಡು ಬಂದು ಇಲ್ಲಿ ಕೂರ್ಸು.”

ಸುಗುಣಾ ಬಂದು ಕೂತಳು. ಹಯಗ್ರೀವರೂ ಅರಿಯದೆ ಒಂದು ಹೆಜ್ಜೆ ಮುಂದಿಟ್ಟರು.

“ನೀವು ನಿಂತ್ಕಂಡೇ ಇರಿ ಮೇಷ್ಟ್ರೇ,” ಎಂದ ಮುತ್ತರಾಯಪ್ಪ. “ಇನ್ನೊಂದ್ಸಲ ಹೇಳಿ. ಬೀದಿನೋರ್ಗೂ ಕೇಳಂಗೆ.”